ಊರು ಬಿಟ್ಟವರಿಗೇ ಊರ ಹೆಸರು

ಮಾನ್ವಿ ಸೀಮೆಯ ಚೀಕಲಪರ್ವಿಗೆ ಹೋಗಿ ‘ಚೀಕಲಪರ್ವಿ ಎಂಬ ಅಡ್ಡಹೆಸರಿನವರ ಮನೆ ಯಾವುದ್ರಿ?’ ಎಂದು ವಿಚಾರಿಸಿದರೆ, ಕೇಳಿದವರ ಮುಖವನ್ನೇ ಜನ ಒಂದು ಗಳಿಗೆ ನೋಡಿಯಾರು. ತುಂಗಭದ್ರೆಯ ದಂಡೆಯ ಆ ಊರಿನಲ್ಲಿ ಎಲ್ಲರೂ ಚೀಕಲಪರ್ವಿಯವರೇ. ಎಲ್ಲರಿಗೂ ಸಲ್ಲುವ ಹೆಸರಿನಿಂದ ಒಬ್ಬರನ್ನು ಗುರುತಿಸುವುದು ಹೇಗೆ? ಊರೊಳಗಿನ ಗುರುತುಗಳೇ ಬೇರೆ: ಗೌಡರ ಮನೆ, ಬಡಿಗೇರ ಮನೆ, ಹೊಸಮನಿ, ಮ್ಯಾಗಳಮನಿ, ದೊಡ್ಡಮನಿ. ಆದರೆ ಅದೇ ಊರಿನ ಒಂದು ಕುಟುಂಬ ರಾಯಚೂರಿಗೋ ಹುಬ್ಬಳ್ಳಿಗೋ ಹೈದರಾಬಾದಿಗೋ ಹೋಗಿ ಬಾಡಿಗೆ ಮನೆ ಹಿಡಿದ ದಿನದಿಂದ ಓಣಿಯವರ ಬಾಯಲ್ಲಿ ಅವರು ‘ಚೀಕಲಪರ್ವಿಯವರು’. ಮುಂದೆ ಮಕ್ಕಳನ್ನು ಸಾಲಿಗೆ ಹಚ್ಚುವಾಗ, ದಾಖಲಾತಿ ಪುಸ್ತಕದಲ್ಲಿ ‘ಯವರು’ ಉದುರಿ ಬರೀ ‘ಚೀಕಲಪರ್ವಿ’ ಉಳಿಯುತ್ತದೆ. ಮನೆತನದ ಹೆಸರೊಂದು ಹುಟ್ಟಿತು.

ಉತ್ತರ ಕರ್ನಾಟಕದ ಊರ ಹೆಸರಿನ ಅಡ್ಡಹೆಸರುಗಳೆಲ್ಲ ಬಹುಮಟ್ಟಿಗೆ ಹೀಗೇ ಹುಟ್ಟಿದವು. ಇವುಗಳ ನಕಾಶೆ ಬರೆಯಲು ಹೊರಟರೆ ಒಂದು ವಿಚಿತ್ರ ಕಾಣುತ್ತದೆ. ಹೆಸರಿನ ಸುತ್ತೆಲ್ಲ ಚುಕ್ಕೆಗಳಿರುತ್ತವೆ, ನಡುವೆ ಮೂಲ ಊರು ಇರುವಲ್ಲಿ ಮಾತ್ರ ಖಾಲಿ. ಆ ಅಡ್ಡಹೆಸರು ಎಲ್ಲಿ ಇಲ್ಲವೋ ಅದೇ ಅದರ ತೌರು.

ಪ್ರಸಿದ್ಧರ ಹೆಸರುಗಳನ್ನೇ ನೋಡಬಹುದು. ಸಂಶೋಧಕ ಎಂ.ಎಂ. ಕಲಬುರ್ಗಿ 1938ರಲ್ಲಿ ಹುಟ್ಟಿದ್ದು ಸಿಂದಗಿ ತಾಲ್ಲೂಕಿನ ಯರಗಲ್ಲಿನಲ್ಲಿ, ಕಲಬುರಗಿಯಲ್ಲಿ ಅಲ್ಲ. ಗಂಗೂಬಾಯಿ ಹಾನಗಲ್ 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ. ಅವರ ತಂದೆ ನಾಡಿಗೇರ ಮನೆತನದವರು, ಪತಿ ಕೌಲಗಿ ಮನೆತನದವರು. ಲೋಕ ಬಲ್ಲ ಹೆಸರಿನಲ್ಲಿ ಉಳಿದದ್ದು ಮಾತ್ರ ಅವೆರಡೂ ಅಲ್ಲ, ಹಾನಗಲ್ ಎಂಬ ಊರು. ಹೆಣ್ಣುಮಕ್ಕಳ ಅಡ್ಡಹೆಸರು ತಂದೆಯ ಮನೆಯಿಂದ ಗಂಡನ ಮನೆಗೆ ಬದಲಾಗುವುದೇ ರೂಢಿಯಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ರಾಯಚೂರಿನವರಿಗೆ ದೂರದ ಉದಾಹರಣೆಗಳೂ ಬೇಕಿಲ್ಲ. ನಗರದ ರಂಗಮಂದಿರಕ್ಕೆ ಹೆಸರಾದ ಗಾಯಕ ಪಂಡಿತ ಸಿದ್ಧರಾಮ ಜಂಬಲದಿನ್ನಿ ಇದ್ದಾರೆ. 2006ರ ಬೀದರ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಶಾಂತರಸರ ಹೆಸರಿಗೆ ಹೆಂಬೆರಾಳು ಅಂಟಿಕೊಂಡಿತ್ತು. ಎರಡೂ ಈ ಸೀಮೆಯ ಹಳ್ಳಿಗಳೇ. ಪತ್ರಿಕೆಯ ಪುಟದಲ್ಲಿ, ಆಕಾಶವಾಣಿಯಲ್ಲಿ ಹಳ್ಳಿಯ ಹೆಸರು ಹೀಗೆ ಎಷ್ಟೋ ಸಲ ಕೇಳಿಬಂದದ್ದು ಊರು ದಾಟಿ ಹೋದವರಿಂದ.

ಇಂಗ್ಲೆಂಡಿನಲ್ಲೂ ಕಥೆ ಹೀಗೇ ಇದೆ. ಅಲ್ಲಿನ ಸ್ಮಿತ್ ನಮ್ಮ ಕಮ್ಮಾರ, ಪಾಟರ್ ನಮ್ಮ ಕುಂಬಾರ. ಅದೇ ರೀತಿ ಊರ ಹೆಸರಿನವರೂ ಅಲ್ಲಿ ಬಹಳ. ಉತ್ತರ ಇಂಗ್ಲೆಂಡಿನ ಡರ್ಹಮ್ ಸೀಮೆಯಲ್ಲಿ ವಾಷಿಂಗ್ಟನ್ ಎಂಬ ಊರಿದೆ. 12ನೇ ಶತಮಾನದ ಕೊನೆಗೆ ಬೇರೆ ಕಡೆಯಿಂದ ಬಂದು ಆ ಊರಿನ ಹಿಡುವಳಿ ಪಡೆದ ವಿಲಿಯಂ ಎಂಬ ಜಮೀನ್ದಾರನನ್ನು ಜನ ಅಲ್ಲಿಯವನೆಂದು ಕರೆದರು. ಹೆಸರಿನ ಮುಂದಿದ್ದ ‘ಡ’ ಎಂಬ ಪ್ರತ್ಯಯ, ಅಂದರೆ ನಮ್ಮ ‘ಯವರು’ ಇದ್ದ ಹಾಗೆ, ಕಾಲಾಂತರದಲ್ಲಿ ಉದುರಿತು. ವಂಶ ದಕ್ಷಿಣಕ್ಕೆ ಇಳಿಯಿತು, 17ನೇ ಶತಮಾನದಲ್ಲಿ ಒಂದು ಕವಲು ಹಡಗು ಹತ್ತಿ ಅಮೆರಿಕಕ್ಕೆ ಹೋಯಿತು. ಆ ದೇಶದ ಮೊದಲ ಅಧ್ಯಕ್ಷನ ಹೆಸರು, ರಾಜಧಾನಿಯ ಹೆಸರು ಅಲ್ಲಿಂದ ಬಂದದ್ದು.

ಅಲ್ಲಿನ ಸಂಶೋಧಕರು 1881ರ ಜನಗಣತಿಯನ್ನು ಮುಂದಿಟ್ಟುಕೊಂಡು ಅಪರೂಪದ ಅಡ್ಡಹೆಸರುಗಳು ಯಾವ ಜಿಲ್ಲೆಯಲ್ಲಿ ದಟ್ಟವಾಗಿವೆ ಎಂದು ಗುರುತಿಸಿ, ಅದರ ಜಾಡು ಹಿಡಿದು ಮೂಲದ ಹಳ್ಳಿಯನ್ನು ಹುಡುಕುತ್ತಾರೆ. ಬಹಳ ವಿರಳವಾದ ಹೆಸರಾದರೆ ಅದನ್ನು ಹೊತ್ತವರೆಲ್ಲ ಒಂದೇ ಮೂಲಪುರುಷನ ಸಂತಾನ ಇರಬಹುದು ಎಂಬುದು ಅವರ ತರ್ಕ. ಈ ತರ್ಕ ನಮ್ಮಲ್ಲಿ ನಡೆಯುವುದಿಲ್ಲ. ಒಂದೇ ಹಳ್ಳಿಯಿಂದ ಬ್ರಾಹ್ಮಣರು ಹೋದರು, ಲಿಂಗಾಯತರು ಹೋದರು, ನೇಕಾರರು ಹೋದರು, ಮುಸಲ್ಮಾನರು ಹೋದರು. ಹೋದ ಊರಿನಲ್ಲಿ ಎಲ್ಲರಿಗೂ ಅಂಟಿದ್ದು ಅದೇ ಹಳ್ಳಿಯ ಹೆಸರು. ಹೀಗಾಗಿ ಅಡ್ಡಹೆಸರು ಒಂದೇ ಆದ ಮಾತ್ರಕ್ಕೆ ಬೀಗತನಕ್ಕೆ ಅಡ್ಡಿಯಿಲ್ಲ. ರಕ್ತಸಂಬಂಧ ನೋಡಲು ಗೋತ್ರವೋ ಬೆಡಗೋ ಬೇರೆ ಇದೆ.

ಊರ ಹೆಸರು ಒಂದೇ ಇದ್ದರೂ ಅದಕ್ಕೆ ಹಚ್ಚುವ ಬಾಲದಿಂದ ಭಾಷೆಯ ಗಡಿ ಗೊತ್ತಾಗುತ್ತದೆ. ಮರಾಠಿಯ ಗಾಳಿ ಬೀಸುವ ಕಡೆ ‘ಕರ’ ಸೇರುತ್ತದೆ. ಸವಾಯಿ ಗಂಧರ್ವರು ಕುಂದಗೋಳದವರಾದ್ದರಿಂದ ಕುಂದಗೋಳಕರರಾದರು. ಬೆಳಗಾವಿಯ ಹಾರ್ಮೋನಿಯಂ ವಾದಕ ರಾಮಭಾವು ಅವರ ಹೆಸರಿನಲ್ಲಿ ಬಿಜಾಪುರ ‘ಬಿಜಾಪುರೆ’ ಆಗಿತ್ತು. ಉರ್ದು ರೂಢಿಯಲ್ಲಾದರೆ ಅದೇ ‘ಬಿಜಾಪುರಿ’, ‘ರಾಯಚೂರಿ’. ಧಾರವಾಡ, ರಾಯಚೂರು ಕಡೆಯ ಕನ್ನಡದಲ್ಲಿ ಬಾಲವೇ ಇಲ್ಲ: ಮನ್ಸೂರ, ಮಾನ್ವಿ, ಮಸ್ಕಿ.

ರಾಯಚೂರು ಜಿಲ್ಲೆ ಈ ವಿಷಯದಲ್ಲಿ ಮೂರು ದಾರಿ ಕೂಡುವ ಜಾಗ. ಪಶ್ಚಿಮದಲ್ಲಿ ಹಳೆಯ ಮುಂಬೈ ಪ್ರಾಂತ್ಯದ ಪದ್ಧತಿ: ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಪೂರ್ವದಲ್ಲಿ ತೆಲುಗರ ಪದ್ಧತಿ: ಮನೆತನದ ಹೆಸರು ಮೊದಲು, ಆಮೇಲೆ ಮನುಷ್ಯನ ಹೆಸರು. ರಾಷ್ಟ್ರಪತಿಯಾಗಿದ್ದ ಸರ್ವೇಪಲ್ಲಿ ರಾಧಾಕೃಷ್ಣನ್ ಅವರ ಮನೆತನಕ್ಕೆ ಹೆಸರು ಕೊಟ್ಟದ್ದು ನೆಲ್ಲೂರು ಜಿಲ್ಲೆಯ ಸರ್ವೇಪಲ್ಲಿ, ಅವರು 1888ರಲ್ಲಿ ಹುಟ್ಟಿದ್ದು ತಿರುತ್ತಣಿ ಸೀಮೆಯಲ್ಲಿ. ಅಲ್ಲಿಯೂ ಅದೇ ನಿಯಮ. ದಕ್ಷಿಣದಲ್ಲಿ ಹಳೆಯ ಮೈಸೂರಿನ ಪದ್ಧತಿ: ಊರ ಹೆಸರು ಮೊದಲು ಬಂದರೂ ಅದು ಒಂದೇ ಅಕ್ಷರಕ್ಕೆ ಇಳಿದುಹೋಗುತ್ತದೆ. ಕೆ.ವಿ. ಪುಟ್ಟಪ್ಪ ಎಂದರೆ ಎಲ್ಲರಿಗೂ ಗೊತ್ತು. ‘ಕೆ’ ಎಂದರೆ ಕುಪ್ಪಳ್ಳಿ ಎಂದು ಗೊತ್ತಿರುವುದು ಅವರು ಕುವೆಂಪು ಆದದ್ದರಿಂದ. ಸಾಮಾನ್ಯರ ಹೆಸರಿನ ಮೊದಲಕ್ಷರದಲ್ಲಿ ಯಾವ ಊರು ಅಡಗಿದೆ ಎಂದು ಮೊಮ್ಮಕ್ಕಳಿಗೇ ಗೊತ್ತಿರುವುದಿಲ್ಲ. ಉತ್ತರದವರು ಊರನ್ನು ಇಡಿಯಾಗಿ ಹೊತ್ತು ತಿರುಗಿದರೆ ಮೈಸೂರಿನವರು ಮಡಿಚಿ ಜೇಬಿನಲ್ಲಿಟ್ಟುಕೊಂಡರು ಎನ್ನಬಹುದು.

ಇದರ ಮೇಲೆ ನಿಜಾಮರ ಆಡಳಿತದ ಪದರ ಬೇರೆ. ರಾಯಚೂರು, ಕೊಪ್ಪಳ, ಕಲಬುರಗಿ ಕಡೆ ಮಾಲಿಪಾಟೀಲ, ಪೊಲೀಸ್‌ಪಾಟೀಲ ಎಂಬ ಅಡ್ಡಹೆಸರುಗಳಿವೆ. ಮಾಲಿಪಾಟೀಲ ಎಂದರೆ ಹೂಮಾಲೆಗಾಗಲಿ ತೋಟದ ಮಾಲಿಗಾಗಲಿ ಸಂಬಂಧಿಸಿದ್ದಲ್ಲ. ‘ಮಾಲ್’ ಎಂದರೆ ಕಂದಾಯ. ಊರಿನ ಕಂದಾಯ ನೋಡುವ ಪಾಟೀಲ ಒಬ್ಬ, ಬಂದೋಬಸ್ತು ನೋಡುವ ಪಾಟೀಲ ಇನ್ನೊಬ್ಬ. ಹುದ್ದೆ ಹೋದ ಮೇಲೂ ಹೆಸರು ಮನೆಗಳಲ್ಲಿ ನಿಂತಿದೆ.

ಹೈದರಾಬಾದ್ ಸಂಸ್ಥಾನ ಭಾರತದೊಳಗೆ ಬಂದ 1948ರವರೆಗೆ ಇಲ್ಲಿನ ಕಚೇರಿ ಕಾಗದಗಳು ಉರ್ದುವಿನಲ್ಲಿದ್ದವು. ಉರ್ದು ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಮಾನವಿ ಎಂದರೂ ಮಾನ್ವಿ ಎಂದರೂ ಬರಹ ಒಂದೇ, ಚೀಕಲಪರವಿ-ಚೀಕಲಪರ್ವಿ ಎರಡಕ್ಕೂ ಅದೇ ಗತಿ. ಇಂದಿಗೂ ಕನ್ನಡದಲ್ಲಿ ಎರಡೂ ರೂಪಗಳು ನಡೆಯುತ್ತವೆ, ಹರಿದಾಸ ಸಾಹಿತ್ಯದ ಪುಸ್ತಕಗಳಲ್ಲಿ ಚೀಕನಪರವಿ ಎಂಬ ಮೂರನೆಯ ರೂಪವೂ ಇದೆ. ಊರಿಗೆ ಇದರಿಂದ ತೊಂದರೆಯಿಲ್ಲ. ತೊಂದರೆ ಇರುವುದು ಊರನ್ನು ಅಡ್ಡಹೆಸರಾಗಿ ಹೊತ್ತವರಿಗೆ. ಅಣ್ಣನ ಅಂಕಪಟ್ಟಿಯಲ್ಲಿ ಒಂದು ಕಾಗುಣಿತ, ತಮ್ಮನ ಆಧಾರ್ ಕಾರ್ಡಿನಲ್ಲಿ ಇನ್ನೊಂದು, ತಂದೆಯ ಪಹಣಿಯಲ್ಲಿ ಅಡ್ಡಹೆಸರೇ ಇಲ್ಲ ಎಂದಾದರೆ ಮೂವರೂ ಒಂದೇ ಮನೆಯವರೆಂದು ತೋರಿಸಲು ಅಫಿಡವಿಟ್ ಬರೆಸಬೇಕು.

1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅದರ ಗದ್ವಾಲ, ಆಲಂಪುರ ತಾಲ್ಲೂಕುಗಳು ಮಾತ್ರ ಆಂಧ್ರಕ್ಕೆ ಹೋದವು, ಈಗ ತೆಲಂಗಾಣದಲ್ಲಿವೆ. ನಿನ್ನೆಯವರೆಗೆ ಪಕ್ಕದ ತಾಲ್ಲೂಕಾಗಿದ್ದದ್ದು ಬೆಳಗಾಗುವುದರಲ್ಲಿ ಪರರಾಜ್ಯ. ಗದ್ವಾಲ ಎಂಬ ಅಡ್ಡಹೆಸರು ಈ ಕಡೆ ಕೇಳಿದರೆ ಅದರ ಹಿಂದೆ ಹೆಚ್ಚಾಗಿ ಈ ಹಳೆಯ ನೆರೆಹೊರೆ ಇರುತ್ತದೆ. ರಾಯಚೂರಿನ ಕವಿ ಜಂಬಣ್ಣ ಅಮರಚಿಂತರ ಹೆಸರಿನಲ್ಲಿರುವ ಅಮರಚಿಂತ ಎಂಬ ಊರು ಇಂದು ತೆಲಂಗಾಣದ ವನಪರ್ತಿ ಜಿಲ್ಲೆಯಲ್ಲಿದೆ.

ಸರ್ಕಾರ ಊರಿನ ಹೆಸರು ಬದಲಿಸಿದರೂ ಅಡ್ಡಹೆಸರು ಅಲ್ಲಾಡುವುದಿಲ್ಲ ಎಂಬುದು ಇನ್ನೊಂದು ಸ್ವಾರಸ್ಯ. ದಾಖಲೆಗಳೆಲ್ಲ ಗುಲ್ಬರ್ಗಾ ಎಂದು ಬರೆಯುತ್ತಿದ್ದ ಕಾಲದಲ್ಲೂ ಕಲಬುರ್ಗಿ ಮನೆತನದವರು ಕಲಬುರ್ಗಿ ಎಂದೇ ಸಹಿ ಮಾಡಿದರು. 2014ರ ನವೆಂಬರಿನಲ್ಲಿ ಸರ್ಕಾರ ಆ ಊರನ್ನು ಕಲಬುರಗಿ ಎಂದು ಬದಲಿಸಿದಾಗ ಅಡ್ಡಹೆಸರು ಕಾಯ್ದುಕೊಂಡು ಬಂದ ರೂಪದ ಹತ್ತಿರಕ್ಕೆ ಬಂದಂತಾಯಿತು. ಅದೇ ಹೊತ್ತಿಗೆ ಬಿಜಾಪುರ ವಿಜಯಪುರವಾಯಿತು. ಅಡ್ಡಹೆಸರಿನ ಬಿಜಾಪುರ ಮಾತ್ರ ಹಾಗೇ ಇದೆ.

ಹಾಗೆಂದು ಅಡ್ಡಹೆಸರು ಕೇಳಿದೊಡನೆ ಊರು ಕಂಡುಹಿಡಿದೆವು ಎಂದು ಬೀಗುವಂತಿಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಕೋಟೆಯ ಊರು. ಆದರೆ ಉತ್ತರ ಭಾರತದ ಮುದ್ಗಲ್ ಎಂಬ ಅಡ್ಡಹೆಸರಿಗೂ ನಮ್ಮ ಮುದಗಲ್ಲಿಗೂ ಯಾವ ನಂಟೂ ಇಲ್ಲ, ಅದು ಮುದ್ಗಲ ಋಷಿಯ ಹೆಸರಿನಿಂದ ಬಂದದ್ದು.

ಚೀಕಲಪರ್ವಿಯ ಮಾತು ಬಂದ ಮೇಲೆ ದಾಸರನ್ನು ಬಿಟ್ಟು ಮುಂದೆ ಹೋಗಲಾಗದು. ಆ ಊರಿನ ಹೆಸರನ್ನು ಅತ್ಯಂತ ದೂರ ಒಯ್ದವರು ವಿಜಯದಾಸರು (1682-1755). ಹುಟ್ಟುಹೆಸರು ದಾಸಪ್ಪ. ಬಡತನದಿಂದ ಊರು ಬಿಟ್ಟು, ಕಾಶಿಯವರೆಗೆ ಅಲೆದು, ವಿಜಯವಿಠಲ ಎಂಬ ಅಂಕಿತ ಪಡೆದವರು. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನ ಭಾಗಣ್ಣ. ಗೋಪಾಲದಾಸರ ಶಿಷ್ಯ ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಶ್ರೀನಿವಾಸಾಚಾರ್ಯರು. ಮೂವರೂ ಹುಟ್ಟುಹೆಸರನ್ನು ಬಿಟ್ಟು ದೇವರ ಹೆಸರನ್ನು ಅಂಕಿತವಾಗಿ ತೊಟ್ಟರು. ಆದರೆ ಜನ ಬಿಡಬೇಕಲ್ಲ. ಚೀಕಲಪರ್ವಿ ವಿಜಯದಾಸರು, ಮಾನವಿ ಜಗನ್ನಾಥದಾಸರು ಎಂದು ಊರನ್ನು ಮತ್ತೆ ಕಟ್ಟಿದರು. ಗೋಪಾಲದಾಸರಿಗಂತೂ ಎರಡು ಊರು: ಹುಟ್ಟಿದ ಮೊಸರಕಲ್ಲು ಒಂದು, ಬಾಳಿದ ಉತ್ತನೂರು ಇನ್ನೊಂದು. ಉತ್ತನೂರು ಈಗ ತೆಲಂಗಾಣದ ಗದ್ವಾಲ ಜಿಲ್ಲೆಯಲ್ಲಿದೆ. ವಿಜಯದಾಸರ ಆರಾಧನೆ ನಡೆಯುವ ಚಿಪ್ಪಗಿರಿ ಇರುವುದು ಆಂಧ್ರದ ಕರ್ನೂಲು ಜಿಲ್ಲೆಯಲ್ಲಿ.

ಊರ ಹೆಸರಿಗೆ ಇನ್ನೊಂದು ಉಪಯೋಗವಿದೆ, ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಕುಲಕರ್ಣಿ, ಹಿರೇಮಠ, ಬಡಿಗೇರ, ಹಡಪದ ಎಂಬ ಹೆಸರುಗಳು ಜಾತಿಯನ್ನು ಬಾಗಿಲಲ್ಲೇ ಹೇಳಿಬಿಡುತ್ತವೆ. ಮಾನ್ವಿ, ಸಿರವಾರ, ದೇವದುರ್ಗ ಎಂಬ ಅಡ್ಡಹೆಸರುಗಳು ಹೇಳುವುದಿಲ್ಲ. ಬೇರೆ ಊರಿನಲ್ಲಿ ಬಾಡಿಗೆ ಮನೆ ಹುಡುಕುವವರಿಗೆ ಈ ಮೌನದ ಬೆಲೆ ಗೊತ್ತು. ಮನೆಯ ಮಾಲೀಕರಿಗೂ ಗೊತ್ತು. ಅದಕ್ಕೇ ಅವರ ಎರಡನೆಯ ಪ್ರಶ್ನೆ ‘ಅದು ಸರಿ, ನೀವು ಯಾರ ಪೈಕಿ?’ ಎಂದಿರುತ್ತದೆ.

ಈಗ ಊರು ಬಿಡುವವರು ಹೈದರಾಬಾದಿಗೆ ನಿಲ್ಲುತ್ತಿಲ್ಲ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಅಡ್ಡಹೆಸರಿಗೆ ಒಂದು ಕಲಂ, ಸ್ವಂತ ಹೆಸರಿಗೆ ಒಂದು ಕಲಂ ಇರುತ್ತದೆ. ಇನಿಷಿಯಲ್ಲುಗಳಲ್ಲೇ ಕಾಲ ಕಳೆದ ಮನೆಗಳಿಗೆ ಇದೊಂದು ಪೇಚು. ಒಂದೇ ಹೆಸರಿನೊಂದಿಗೆ ಅಮೆರಿಕಕ್ಕೆ ಹೋದವರ ವೀಸಾದಲ್ಲಿ ‘ಮೊದಲ ಹೆಸರು ತಿಳಿಯದು’ ಎಂಬರ್ಥದ ಮೂರಕ್ಷರಗಳನ್ನು ಒತ್ತಲಾಗುತ್ತದೆ, ಬ್ಯಾಂಕಿನಲ್ಲಿ ಅದೇ ಹೆಸರೆಂದು ತಿಳಿದು ಕರೆಯುವುದೂ ಉಂಟು. ಇನ್ನು ಕೆಲವರು ಮಡಿಚಿಟ್ಟ ಊರನ್ನು ಬಿಡಿಸಿ ಬರೆದಿದ್ದಾರೆ. ಅಮೆರಿಕದ ಸರ್ಜನ್ ಜನರಲ್ ಹುದ್ದೆಯಲ್ಲಿ ಎರಡು ಸಲ ಇದ್ದ ವಿವೇಕ್ ಮೂರ್ತಿ 1977ರಲ್ಲಿ ಹುಟ್ಟಿದ್ದು ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿ. ಅವರ ಪೂರ್ಣ ಹೆಸರು ವಿವೇಕ್ ಹಲ್ಲೇಗೆರೆ ಮೂರ್ತಿ. ಹಲ್ಲೇಗೆರೆ ಮಂಡ್ಯ ತಾಲ್ಲೂಕಿನ ಹಳ್ಳಿ.

ಹೀಗೆ ಅರ್ಜಿ ತುಂಬಲು ಕುಳಿತ ಮಕ್ಕಳು ಊರಿನಲ್ಲಿರುವ ಅಜ್ಜನಿಗೋ ಸೋದರತ್ತೆಗೋ ಫೋನು ಹಚ್ಚಿ, ‘ನಮ್ಮ ಹೆಸರಿನ ಮುಂದಿರುವ ಸಿ ಅಂದರೆ ಏನು?’ ಎಂದು ಕೇಳುತ್ತಾರೆ. ಉತ್ತರ ಬಂದ ಮೇಲೆ ಎರಡನೆಯ ಪ್ರಶ್ನೆ ಇದ್ದೇ ಇರುತ್ತದೆ: ಅದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು?