ಅಪಸ್ಮಾರದ ವಿದ್ಯುತ್ ಚಿಕಿತ್ಸೆ ಮತ್ತು ಹೃದಯದ ಲಯ

ಅಪಸ್ಮಾರವನ್ನು ನಮ್ಮ ಜನ ಮೂರ್ಛೆರೋಗವೆಂದೂ ಫಿಟ್ಸ್ ಎಂದೂ ಕರೆಯುವರು. ಈ ರೋಗವುಳ್ಳವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಜನರಿಗೆ ಮಾತ್ರೆಗಳಿಂದ ಸೆಳವು ಪೂರ್ಣ ಹತೋಟಿಗೆ ಬರುವುದಿಲ್ಲ. ಶಸ್ತ್ರಚಿಕಿತ್ಸೆಗೂ ಅವಕಾಶವಿಲ್ಲದ ಅಂಥ ಕೆಲವರಿಗೆ ವೈದ್ಯರು ವಿದ್ಯುತ್ ಪ್ರಚೋದನೆಯ ಸಾಧನವನ್ನು ಸೂಚಿಸುವುದುಂಟು. ನರಕ್ಕೋ ಮಿದುಳಿಗೋ ವಿದ್ಯುತ್ ಹರಿಸಿದರೆ ಹೃದಯಕ್ಕೆ ಅಪಾಯವಾಗದೇ ಎಂದು ಮನೆಯವರು ಆಗ ಕೇಳುತ್ತಾರೆ. ಈ ಪ್ರಶ್ನೆ ಅಜ್ಞಾನದ್ದಲ್ಲ. ವೈದ್ಯರಲ್ಲದ ನಾವು ಓದಿ ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತೇವೆ.

ಹೃದಯವು ತನ್ನ ಬಡಿತವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಅದರ ವೇಗವನ್ನು ಏರಿಸಿ ಇಳಿಸುವುದು ಮಾತ್ರ ಮಿದುಳು. ಇಳಿಸುವ ಕಾರ್ಯದಲ್ಲಿ ವೇಗಸ್ ನರವೇ ಮುಖ್ಯ. ಹೆಸರು ಕೇಳಿದೊಡನೆ ಕನ್ನಡಿಗರಿಗೆ 'ವೇಗ' ನೆನಪಾಗಬಹುದು. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ಅಲೆದಾಡುವುದು ಎಂದರ್ಥ, ಹೃದಯದಲ್ಲಿ ಅದರ ಕೆಲಸವೋ ವೇಗವನ್ನು ತಗ್ಗಿಸುವುದು. ಉಸಿರೆಳೆದಾಗ ಬಡಿತ ತುಸು ಚುರುಕಾಗಿ, ಬಿಟ್ಟಾಗ ತುಸು ನಿಧಾನವಾಗುವುದು ಬಹುಮಟ್ಟಿಗೆ ಈ ನರದಿಂದಲೇ. ಈ ಏರಿಳಿತ ಆರೋಗ್ಯದ ಲಕ್ಷಣ. ಅಪಸ್ಮಾರದಿಂದ ಬಳಲುವವರಲ್ಲಿ ಇದು ಕುಗ್ಗಿರುವುದುಂಟು.

ಹೃದಯಕ್ಕೆ ಹೆಚ್ಚಿನ ಆತಂಕ ಸೆಳವಿನಿಂದಲೇ ಎಂಬುದನ್ನು ಮನೆಯವರು ಅರಿಯಬೇಕು. ಸೆಳವಿನ ವೇಳೆ ಬಡಿತ ಸಾಮಾನ್ಯವಾಗಿ ಏರುತ್ತದೆ. ಅಪರೂಪಕ್ಕೆ ಕೆಲವು ಕ್ಷಣ ನಿಲ್ಲುವುದೂ ಉಂಟು. ವಯಸ್ಕ ರೋಗಿಗಳಲ್ಲಿ ವರ್ಷಕ್ಕೆ 1000 ಮಂದಿಯಲ್ಲಿ ಸುಮಾರು ಒಬ್ಬರು ಬೇರೆ ಕಾರಣ ಕಾಣದೆ ಹಠಾತ್ತನೆ ಸಾವಿಗೀಡಾಗುತ್ತಾರೆ. ಹತೋಟಿಗೆ ಬಾರದ ದೊಡ್ಡ ಸೆಳವುಗಳಿರುವವರಲ್ಲಿ ಈ ಅಪಾಯ ಇನ್ನೂ ಹೆಚ್ಚು.

ವೇಗಸ್ ಪ್ರಚೋದನೆಯ ಸಾಧನವನ್ನು ಮನುಷ್ಯನಿಗೆ ಮೊದಲು ಅಳವಡಿಸಿದ್ದು 1988ರಲ್ಲಿ; ಅಮೆರಿಕದಲ್ಲಿ ಅದಕ್ಕೆ ಮಾನ್ಯತೆ ದೊರೆತದ್ದು 1997ರಲ್ಲಿ. ಎದೆಯ ಮೇಲ್ಭಾಗದಲ್ಲಿ ಚರ್ಮದಡಿ ಬ್ಯಾಟರಿಯಿಟ್ಟು, ಅದರ ತಂತಿಯನ್ನು ಕತ್ತಿನ ಎಡಬದಿಯ ವೇಗಸ್ ನರಕ್ಕೆ ಸುತ್ತುತ್ತಾರೆ. ಸಾಮಾನ್ಯವಾಗಿ 30 ಸೆಕೆಂಡು ಪ್ರಚೋದನೆ, 5 ನಿಮಿಷ ಬಿಡುವು. ಎಡಬದಿಯೇ ಏಕೆ? ಬಡಿತ ಹುಟ್ಟುವ ತಾಣದ ಮೇಲೆ ಬಲಬದಿಯ ನರದ ಪ್ರಭಾವ ಹೆಚ್ಚು. ಅಲ್ಲದೆ ಈ ನರದ ಎಳೆಗಳಲ್ಲಿ ಸುಮಾರು ಶೇ. 80ರಷ್ಟು ದೇಹದಿಂದ ಮಿದುಳಿನತ್ತ ಸುದ್ದಿ ಒಯ್ಯುವಂಥವು. ಚಿಕಿತ್ಸೆ ಬಯಸುವುದೂ ಆ ದಾರಿಯನ್ನೇ. ಆದರೂ ಮೊದಲ ಬಾರಿ ವಿದ್ಯುತ್ ಹರಿಸಿ ಪರೀಕ್ಷಿಸುವಾಗ ಬಡಿತ ತೀರಾ ನಿಧಾನವಾದ, ಕ್ಷಣಕಾಲ ನಿಂತ ವಿರಳ ಪ್ರಸಂಗಗಳಿವೆ. ಆದಕಾರಣ ಆ ಪರೀಕ್ಷೆಯನ್ನು ಆಪರೇಷನ್ ಥಿಯೇಟರಿನಲ್ಲಿಯೇ, ಇಸಿಜಿ ನೋಡುತ್ತ ನಡೆಸುತ್ತಾರೆ. ಈಚಿನ ಕೆಲವು ಸಾಧನಗಳು ಬಡಿತದ ದಿಢೀರ್ ಏರಿಕೆಯನ್ನೇ ಸೆಳವಿನ ಸೂಚನೆಯೆಂದು ಗ್ರಹಿಸಿ ತಾವಾಗಿ ಪ್ರಚೋದನೆ ನೀಡುತ್ತವೆ. ಹೃದಯವೇ ಇಲ್ಲಿ ಕಾವಲುಗಾರ!

ಇನ್ನೊಂದು ವಿಧಾನದಲ್ಲಿ ಮಿದುಳಿನ ಆಳದ ಥಲಾಮಸ್‌ನ ಮುಂಭಾಗಕ್ಕೆ ಎರಡೂ ಬದಿಯಿಂದ ತಂತಿ ಇಳಿಸುತ್ತಾರೆ. 110 ರೋಗಿಗಳ ಮೇಲೆ ನಡೆದ ಅದರ ಮುಖ್ಯ ಪರೀಕ್ಷೆಯ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಆ ಭಾಗಕ್ಕೆ, ಭಾವನೆಯ ಜೊತೆಗೆ ಹೃದಯಬಡಿತದ ಮೇಲೂ ಪ್ರಭಾವವುಳ್ಳ ಮಿದುಳಿನ ಪ್ರದೇಶಗಳೊಡನೆ ನಂಟಿದೆ. ಆದ್ದರಿಂದಲೇ ಅಲ್ಲಿನ ಪ್ರಚೋದನೆ ಬಡಿತದ ಏರಿಳಿತವನ್ನು ಹೇಗೆ ಬದಲಿಸುತ್ತದೆಂದು ಸಂಶೋಧಕರು ಅಳೆಯುತ್ತಿದ್ದಾರೆ.

ಸಾಧನ ಹೊಂದಿದವರು ಇಸಿಜಿ, ಎಂಆರ್‌ಐ ಅಥವಾ ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ ಅದನ್ನು ತಪ್ಪದೆ ತಿಳಿಸಬೇಕು. ಮಿದುಳಿನ ಸಾಧನದ ವಿದ್ಯುತ್ತು ಇಸಿಜಿಯ ಗೆರೆಗಳನ್ನು ಕದಡಬಲ್ಲದು. ತಲೆ ಸುತ್ತಿ ಬಿದ್ದರೆ ಎಲ್ಲವನ್ನೂ ಫಿಟ್ಸ್ ಎಂದೇ ಬಗೆಯದೆ ಬಡಿತವನ್ನೂ ಪರೀಕ್ಷಿಸುವಂತೆ ಕೇಳಬೇಕು. ಸಾಧನ ಬಂದಿತೆಂದು ಮಾತ್ರೆಗಳನ್ನು ವೈದ್ಯರ ಮಾತಿಲ್ಲದೆ ನಿಲ್ಲಿಸಕೂಡದು.