ಸ್ವಂತ ವಾಹನದಲ್ಲಿ ಬೇಲೂರು, ಶೃಂಗೇರಿ, ಕಾರ್ಕಳ ಪ್ರವಾಸ: ಹೊರಡುವ ಮುನ್ನ ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

ಬೆಂಗಳೂರಿನಿಂದ ಹೊರಟು ಶ್ರವಣಬೆಳಗೊಳ, ಬೇಲೂರು ಮತ್ತು ಹಳೇಬೀಡುಗಳನ್ನು ವೀಕ್ಷಿಸಿ, ಚಿಕ್ಕಮಗಳೂರಿನ ಗಿರಿಶ್ರೇಣಿ ಹಾಗೂ ಶೃಂಗೇರಿಯ ಮಾರ್ಗವಾಗಿ ಕಾರ್ಕಳಕ್ಕೆ ಇಳಿಯುವ ಪ್ರವಾಸವನ್ನು ಕುಟುಂಬ ಸಮೇತ ಕೈಗೊಳ್ಳುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಈ ಮಾರ್ಗಕ್ಕೆ ಕನಿಷ್ಠ ನಾಲ್ಕು ದಿನಗಳು ಬೇಕಾಗುತ್ತವೆ. ಘಟ್ಟದ ರಸ್ತೆಯಲ್ಲಿ ದೂರಕ್ಕಿಂತ ಸಮಯವೇ ಮುಖ್ಯವಾದುದರಿಂದ, ಪ್ರತಿ ದಿನದ ಪ್ರಯಾಣವು ಸೂರ್ಯಾಸ್ತಕ್ಕೆ ಮುಂಚೆ ಮುಗಿಯುವಂತೆ ಯೋಜಿಸತಕ್ಕದ್ದು.

ದಾಖಲೆಗಳು

ಚಾಲನಾ ಪರವಾನಗಿ, ನೋಂದಣಿ ಪ್ರಮಾಣಪತ್ರ, ವಿಮೆ ಮತ್ತು ವಾಯುಮಾಲಿನ್ಯ ತಪಾಸಣಾ ಪ್ರಮಾಣಪತ್ರ ಇವುಗಳ ಅವಧಿಯನ್ನು ಹೊರಡುವ ಒಂದು ತಿಂಗಳ ಮೊದಲೇ ಪರಿಶೀಲಿಸುವುದು. ಪರವಾನಗಿಯ ಅವಧಿ ಮುಗಿದ ನಂತರ ಇದ್ದ 30 ದಿನಗಳ ರಿಯಾಯಿತಿಯನ್ನು ಮೋಟಾರು ವಾಹನಗಳ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಗಿದೆ. ಅನೇಕರು ಈಗಲೂ ಹಳೆಯ ನಿಯಮವನ್ನೇ ನಂಬಿರುತ್ತಾರೆ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ಸಾರಥಿ ಪೋರ್ಟಲ್ ಮೂಲಕ ನವೀಕರಣಕ್ಕೆ ಅರ್ಜಿ ಸಲ್ಲಿಸಬಹುದು. 40 ವರ್ಷ ಮೀರಿದವರು ನಮೂನೆ 1-ಎ ರಲ್ಲಿ ವೈದ್ಯಕೀಯ ಪ್ರಮಾಣಪತ್ರವನ್ನು ಲಗತ್ತಿಸಬೇಕು. ಡಿಜಿಲಾಕರ್ ಮತ್ತು ಎಂ-ಪರಿವಾಹನ್‌ನಲ್ಲಿರುವ ದಾಖಲೆಗಳಿಗೆ ಮಾನ್ಯತೆ ಇದೆ. ಆದರೂ ಘಟ್ಟದ ಅನೇಕ ಕಡೆ ಮೊಬೈಲ್ ಸಂಪರ್ಕ ಸಿಗದ ಕಾರಣ ಕಾಗದದ ದಾಖಲೆಗಳನ್ನೂ ಜೊತೆಗಿಡುವುದು ಲೇಸು.

ಸ್ವಂತ ವಾಹನವಿಲ್ಲದವರು ಪರಿಚಿತರ ಬಿಳಿ ಫಲಕದ ಕಾರನ್ನು ಬಾಡಿಗೆಗೆ ಪಡೆಯುವುದುಂಟು. ಇದು ರಹದಾರಿ ನಿಯಮಗಳ ಉಲ್ಲಂಘನೆಯಾಗುತ್ತದೆ. ಅದಕ್ಕಿಂತ ಗಂಭೀರವಾದ ವಿಷಯವೆಂದರೆ, ಖಾಸಗಿ ವಾಹನದ ವಿಮಾ ಪಾಲಿಸಿಯು ಬಾಡಿಗೆಯ ಬಳಕೆಯನ್ನು ಒಳಗೊಂಡಿರುವುದಿಲ್ಲ. ಅಪಘಾತವಾದಲ್ಲಿ ಪರಿಹಾರದ ಕೋರಿಕೆ ತಿರಸ್ಕೃತವಾಗಿ, ಆಸ್ಪತ್ರೆಯ ವೆಚ್ಚವೂ ವಾಹನದ ನಷ್ಟವೂ ಕುಟುಂಬದ ಮೇಲೆ ಬೀಳುವ ಸಾಧ್ಯತೆ ಇರುತ್ತದೆ. ಬಾಡಿಗೆಯಲ್ಲಿ ಉಳಿಯುವ ಒಂದೆರಡು ಸಾವಿರ ರೂಪಾಯಿಗಳಿಗಾಗಿ ಇಂತಹ ಹೊಣೆಯನ್ನು ಹೊರುವುದು ಯಾವ ಲೆಕ್ಕದಲ್ಲಿಯೂ ಲಾಭದಾಯಕವಲ್ಲ. ಹಳದಿ ಫಲಕದ ವಾಹನವನ್ನೇ ಗೊತ್ತುಪಡಿಸಿಕೊಂಡು ರಸೀದಿ ಪಡೆಯುವುದು.

ಸ್ಥಳಗಳು ಮತ್ತು ಸಮಯ

ಮೊದಲ ದಿನ ಶ್ರವಣಬೆಳಗೊಳವನ್ನು ಬೆಳಿಗ್ಗೆ ಆದಷ್ಟು ಬೇಗ ತಲುಪುವುದು. ಕ್ರಿ.ಶ. 981ರ, ಸುಮಾರು 58 ಅಡಿ ಎತ್ತರದ ಗೊಮ್ಮಟ ಮೂರ್ತಿಯ ಬಳಿಗೆ ಹೋಗಲು ಬಂಡೆಯಲ್ಲಿ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತಬೇಕಾಗಿದ್ದು, ಮಧ್ಯಾಹ್ನದ ವೇಳೆಗೆ ಕಲ್ಲು ಕಾದಿರುತ್ತದೆ. ರಾತ್ರಿ ಹಾಸನದಲ್ಲಿ ತಂಗಬಹುದು.

ಎರಡನೆಯ ದಿನ ಬೇಲೂರನ್ನು ಮೊದಲು, ಹಳೇಬೀಡನ್ನು ನಂತರ ನೋಡುವುದು ಸೂಕ್ತ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವನಿಗೆ ಇಂದಿಗೂ ನಿತ್ಯಪೂಜೆ ನಡೆಯುತ್ತಿದ್ದು, ಮಧ್ಯಾಹ್ನ ಗರ್ಭಗುಡಿಯ ದರ್ಶನವಿರುವುದಿಲ್ಲ. 16 ಕಿ.ಮೀ. ದೂರದ ಹಳೇಬೀಡಿನಲ್ಲಿ ಈ ತೊಡಕಿಲ್ಲ. ಎರಡೂ ದೇವಾಲಯಗಳು ಸೋಮನಾಥಪುರದ ಕೇಶವ ದೇವಾಲಯದೊಡನೆ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಇಲ್ಲಿ ಬಳಸಿರುವ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಗಟ್ಟಿಯಾಗುವುದರಿಂದಲೇ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ಆದಾಗ್ಯೂ ಕೈಗಳ ಸ್ಪರ್ಶದಿಂದ ಅದು ಸವೆಯುತ್ತದೆ. ಮಕ್ಕಳಿಗೆ ಈ ಬಗ್ಗೆ ಮೊದಲೇ ತಿಳಿಹೇಳುವುದು. ಅಧಿಕೃತ ಗುರುತಿನ ಚೀಟಿ ಇರುವ ಮಾರ್ಗದರ್ಶಿಯನ್ನು ನೇಮಿಸಿಕೊಂಡರೆ ಕೊಟ್ಟ ಹಣ ವ್ಯರ್ಥವಾಗದು. ಹಳೇಬೀಡಿನಿಂದ ಚಿಕ್ಕಮಗಳೂರಿಗೆ ಹೋಗುವವರು ಬೆಳವಾಡಿಯ ವೀರನಾರಾಯಣ ದೇವಾಲಯವನ್ನು ಬಿಟ್ಟು ಹೋಗುವುದು ಸಾಮಾನ್ಯ. ಜನಜಂಗುಳಿಯಿಲ್ಲದ ಈ ತ್ರಿಕೂಟ ದೇವಾಲಯಕ್ಕೆ ಒಂದು ಗಂಟೆ ಮೀಸಲಿಡಬಹುದು.

ಮೂರನೆಯ ದಿನದ ಮುಳ್ಳಯ್ಯನಗಿರಿಯು ಸುಮಾರು 1,930 ಮೀಟರ್ ಎತ್ತರವಿದ್ದು, ರಾಜ್ಯದ ಅತ್ಯುನ್ನತ ಶಿಖರವಾಗಿರುತ್ತದೆ. ರಸ್ತೆ ಕಿರಿದಾಗಿರುವುದರಿಂದ ವಾಹನಗಳ ಸಂಖ್ಯೆಗೆ ಮಿತಿಯಿದ್ದು, ಜಿಲ್ಲಾಡಳಿತವು 2025ರಲ್ಲಿ ಮುಂಗಡ ಆನ್‌ಲೈನ್ ನೋಂದಣಿಯನ್ನು ಜಾರಿಗೊಳಿಸಿದೆ. ಬೆಳಗಿನ ಅವಧಿಗೆ ನೋಂದಾಯಿಸಿಕೊಂಡಲ್ಲಿ ಸುಮಾರು 90 ಕಿ.ಮೀ. ದೂರದ ಶೃಂಗೇರಿಯನ್ನು ಬೆಳಕಿರುವಾಗಲೇ ಸೇರಬಹುದು.

ಕುದುರೆಮುಖ ತನಿಖಾ ಠಾಣೆ

ಶೃಂಗೇರಿಯಿಂದ ಕೆರೆಕಟ್ಟೆಯ ಮೂಲಕ ಕಾರ್ಕಳಕ್ಕೆ ಹೋಗುವ ರಸ್ತೆಯು ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಹಾದುಹೋಗುತ್ತದೆ. ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಇಲ್ಲಿ ಸಂಚಾರವಿರುವುದಿಲ್ಲ. ಪ್ರವಾಸದ ಲೆಕ್ಕ ತಪ್ಪುವುದು ಬಹುಪಾಲು ಇಲ್ಲಿಯೇ. ದೇವಸ್ಥಾನದಲ್ಲಿ ಊಟ ಮುಗಿಸಿ, ತುಂಗೆಯ ಮೀನುಗಳನ್ನು ನೋಡುತ್ತಾ ಸಂಜೆಯಾಗಿಸಿ, ಗೇಟಿನ ಮುಂದೆ ವೃದ್ಧರು ಮತ್ತು ಮಕ್ಕಳೊಡನೆ ನಿಂತು ಸಿಬ್ಬಂದಿಯೊಡನೆ ವಾದಿಸುವುದರಿಂದ ಪ್ರಯೋಜನವಿಲ್ಲ. ಆದ್ದರಿಂದ ನಾಲ್ಕನೆಯ ದಿನ ಮಧ್ಯಾಹ್ನ 2 ಗಂಟೆಯೊಳಗೆ ಶೃಂಗೇರಿಯನ್ನು ಬಿಡುವುದು. ಉದ್ಯಾನದ ಒಳಗೆ ವಾಹನ ನಿಲ್ಲಿಸುವುದಾಗಲಿ, ಕಸ ಎಸೆಯುವುದಾಗಲಿ ಕೂಡದು. ತಡವಾದವರು ಶೃಂಗೇರಿಯಲ್ಲಿಯೇ ತಂಗತಕ್ಕದ್ದು. ಕತ್ತಲೆಯಲ್ಲಿ ಆಗುಂಬೆ ಘಟ್ಟದ ಹೇರ್‌ಪಿನ್ ತಿರುವುಗಳನ್ನು ಇಳಿಯುವುದು ಪರ್ಯಾಯವೆನಿಸದು. ಹಗಲಿನಲ್ಲಿ ತಲುಪಿದವರಿಗೆ ಕಾರ್ಕಳದಲ್ಲಿ 1432ರ, 42 ಅಡಿ ಎತ್ತರದ ಗೊಮ್ಮಟನ ದರ್ಶನವೂ ದೊರೆಯುತ್ತದೆ.

ಘಟ್ಟದಲ್ಲಿ ಚಾಲನೆ

ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತಿ ಹಿಡಿದರೆ ಅದು ಕಾದು ಹಿಡಿತ ತಪ್ಪುತ್ತದೆ. ಯಾವ ಗೇರಿನಲ್ಲಿ ಹತ್ತುವಿರೋ ಅದೇ ಗೇರಿನಲ್ಲಿ ಇಳಿಯುವುದು. ಎರಡು ವಾಹನಗಳಿಗೆ ಎಡೆಯಿಲ್ಲದ ಕಡೆ, ಏರುತ್ತಿರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭೂಕುಸಿತದ ಕಾರಣ ರಸ್ತೆಗಳು ಏಕಾಏಕಿ ಬಂದ್ ಆಗುವುದರಿಂದ, ಹೊರಡುವ ಹಿಂದಿನ ದಿನ ಸಂಬಂಧಪಟ್ಟ ಜಿಲ್ಲಾಡಳಿತದ ಪ್ರಕಟಣೆಯನ್ನು ನೋಡುವುದು. ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಅವಧಿ ಈ ಪ್ರವಾಸಕ್ಕೆ ಪ್ರಶಸ್ತವಾಗಿರುತ್ತದೆ.

ತುರ್ತು ಸಂದರ್ಭದಲ್ಲಿ 112, ಆಂಬ್ಯುಲೆನ್ಸ್‌ಗಾಗಿ 108 ಸಂಖ್ಯೆಗೆ ಕರೆ ಮಾಡಬಹುದು. ಕರೆ ಮಾಡುವಾಗ ಸಮೀಪದ ಕಿಲೋಮೀಟರ್ ಕಲ್ಲಿನ ಮೇಲಿರುವ ಊರಿನ ಹೆಸರು ಮತ್ತು ಅಂಕಿಯನ್ನು ತಿಳಿಸುವುದು.