ಹವಳದ ತೊಟ್ಟಿಗೊಂದು ಕೋಣೆ

ಗಾಜಿನ ಪಾತ್ರೆಯಲ್ಲಿ ನಾಲ್ಕು ಹೊನ್ನಮೀನುಗಳನ್ನು ಬಿಟ್ಟು ನೋಡಿ ನಲಿಯುವುದು ಬೇರೆ. ಕಡಲಿನ ಹವಳವನ್ನು ಮನೆಯೊಳಗೆ ಬೆಳೆಸುವುದು ಬೇರೆ. ಮೊದಲನೆಯದಕ್ಕೆ ಒಂದು ಮೇಜು ಸಾಕು. ಎರಡನೆಯದಕ್ಕೆ ಒಂದು ಕೋಣೆಯೇ ಬೇಕೆಂದು ಬಲ್ಲವರು ಹೇಳುವರು. 1853ರಲ್ಲಿ ಲಂಡನ್ನಿನ ಮೃಗಶಾಲೆಯಲ್ಲಿ ಮತ್ಸ್ಯಗೃಹವೊಂದು ಜನರಿಗೆ ತೆರೆಯಲ್ಪಟ್ಟಿತು. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಎಂಬವರು ಜೀವಾಣುಗಳು ನೆಲಸಿದ ಕಡಲಕಲ್ಲುಗಳನ್ನೂ ಗಾಳಿಯ ಗುಳ್ಳೆಗಳನ್ನೂ ನೆಚ್ಚಿ ಹವಳವನ್ನು ತೊಟ್ಟಿಯಲ್ಲಿ ಉಳಿಸುವ ಕ್ರಮವನ್ನು ಬರೆದು ಪ್ರಕಟಿಸಿದರು. ಈಗ ಅಮೆರಿಕೆ, ಯೂರೋಪುಗಳ ಹವ್ಯಾಸಿಗಳಲ್ಲಿ ಕೆಲವರು ಇದಕ್ಕೆಂದೇ ನೆಲಮಾಳಿಗೆಯಲ್ಲಿ ಕೋಣೆ ಕಟ್ಟಿಸುವರು.

ಸಂಸ್ಕೃತದಲ್ಲಿ ಹವಳಕ್ಕೆ ವಿದ್ರುಮವೆಂದು ಹೆಸರು, ದ್ರುಮವೆಂದರೆ ಮರ. ವಾಸ್ತವವಾಗಿ ಅದು ಪ್ರಾಣಿ. ಆದರೂ ದಿಬ್ಬ ಕಟ್ಟುವ ಹವಳದ ಮೈಯೊಳಗೆ ಅತಿಸೂಕ್ಷ್ಮವಾದ ಪಾಚಿ ವಾಸಿಸಿ, ಬೆಳಕಿನಿಂದ ಅನ್ನವನ್ನು ಸಿದ್ಧಪಡಿಸಿ ಅದಕ್ಕೆ ಉಣಿಸುವುದರಿಂದ, ಮರದ ಹೋಲಿಕೆ ತೀರ ನಿರಾಧಾರವೆನ್ನುವಂತಿಲ್ಲ. ನವರತ್ನಗಳಲ್ಲಿ ಎಣಿಸುವ ಕೆಂಪು ಹವಳ ಬೇರೊಂದು ಜಾತಿ. ಅದು ನೆರಳಿನಲ್ಲಿ ಬೆಳೆಯುವಂಥದು.

ಮಿಷಿಗನ್ ಪ್ರಾಂತದಲ್ಲಿ ನೆಲಸಿರುವ ನಮ್ಮ ಹಳೆಯ ಶಿಷ್ಯನೊಬ್ಬನು, ನಾವು ಅತಿಥಿಗಳಾಗಿ ಹೋಗಿದ್ದಾಗ, ಇಂಥದೊಂದು ಕೋಣೆಯ ನಕ್ಷೆಯನ್ನು ನಮ್ಮ ಮುಂದೆ ಹರಡಿದನು. ದೀಪಗಳೆಷ್ಟು, ಮೀನುಗಳಾವುವು ಎಂಬುದೆಲ್ಲ ಅದರಲ್ಲಿತ್ತು. ಅವನ ಮನೆಯಾಕೆ ಕಾಫಿಯ ಲೋಟವನ್ನು ಇಡುತ್ತ, "ಮೇಷ್ಟ್ರೇ, ಹಿಮ ಬಿದ್ದು ರಾತ್ರಿಯೆಲ್ಲ ಕರೆಂಟು ಹೋದರೆ ಈ ಜೀವಗಳ ಗತಿ ಏನೆಂದು ಇವರನ್ನು ಸ್ವಲ್ಪ ಕೇಳಿ" ಎಂದಳು. ನಕ್ಷೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಕೋಣೆಯ ಯೋಜನೆ ಆ ಪ್ರಶ್ನೆಯಿಂದಲೇ ಮೊದಲಾಗತಕ್ಕದ್ದೆಂಬುದು ನಮ್ಮ ಅಭಿಪ್ರಾಯ.

ಏಕೆಂದರೆ, ಪಂಪು ನಿಂತರೆ ನೀರಿನ ಚಲನೆ ನಿಲ್ಲುವುದು. ನಿಂತ ನೀರಿನಲ್ಲಿ ಆಮ್ಲಜನಕವು ಕುಗ್ಗಿ, ಜೀವಿಗಳು ಕಿಕ್ಕಿರಿದ ತೊಟ್ಟಿಯಲ್ಲಿ ಕೆಲವೇ ಗಂಟೆಗಳಲ್ಲಿ ಸಾವು ಮೊದಲಾಗಬಹುದು. ಆದುದರಿಂದ ಬ್ಯಾಟರಿಯಿಂದ ನಡೆಯುವ ಗಾಳಿಪಂಪನ್ನು ಮೊದಲು ಕೊಳ್ಳಬೇಕು, ಮೀನನ್ನು ಆಮೇಲೆ. ಇನ್ನೊಂದು ಸಂಗತಿ: ನಮ್ಮಲ್ಲಿ ಸಂಪು ಎಂದರೆ ನಲ್ಲಿಯ ನೀರನ್ನು ತುಂಬಿಡುವ ನೆಲತೊಟ್ಟಿ, ಅಲ್ಲಿ, ಮೇಲಿನ ತೊಟ್ಟಿಯಿಂದ ಹರಿದು ಬಂದ ನೀರು ಶುದ್ಧವಾಗುವ ಕೆಳತೊಟ್ಟಿಗೆ ಅದೇ ಹೆಸರು. ಪಂಪು ನಿಂತೊಡನೆ ಮೇಲಿನ ನೀರು ಕೊಂಚ ಕೆಳಗಿಳಿಯುವುದು. 4 ಅಡಿ ಉದ್ದ, 2 ಅಡಿ ಅಗಲದ ತೊಟ್ಟಿಯಲ್ಲಿ ಒಂದೇ ಅಂಗುಲ ಇಳಿದರೂ ಸುಮಾರು 19 ಲೀಟರಾಯಿತು. ಅಷ್ಟಕ್ಕೂ ಸಂಪಿನಲ್ಲಿ ಸ್ಥಳ ಬಿಡದವನು ಬೆಳಗ್ಗೆ ಎದ್ದು ನೆಲದ ಮೇಲೆ ಉಪ್ಪುನೀರನ್ನು ಕಾಣುವನು.

ಭಾರವನ್ನು ಕುರಿತು ಒಂದು ಲೆಕ್ಕ. ಅದೇ ತೊಟ್ಟಿ 2 ಅಡಿ ಎತ್ತರವಿದ್ದರೆ ಸುಮಾರು 450 ಲೀಟರು ಹಿಡಿಯುವುದು. ಕಡಲನೀರು ಸಿಹಿನೀರಿಗಿಂತ ತೂಕ. ಕಲ್ಲು, ಮರಳು, ಗಾಜು ಸೇರಿದರೆ 600 ಕಿಲೋಗ್ರಾಮಿಗೆ ಬರುವುದು. ಮರದ ತೊಲೆಗಳ ಮೇಲಿನ ಅಂತಸ್ತಿಗೆ ಇದನ್ನು ಏರಿಸುವ ಮೊದಲು ಇಂಜಿನಿಯರರನ್ನು ಕೇಳಬೇಕು. ನೆಲಮಾಳಿಗೆಯ ಕಾಂಕ್ರೀಟು ನೆಲವಾದರೆ ಚಿಂತೆ ಕಡಿಮೆ. ಅಲ್ಲಿ ನೀರು ಹೋಗುವ ಮೋರಿಯೊಂದಿದ್ದರೆ ಮತ್ತೂ ಒಳ್ಳೆಯದು.

ನೀರು ಆವಿಯಾಗಿ ಹೋದರೂ ಉಪ್ಪು ಹೋಗುವುದಿಲ್ಲ. ಆದಕಾರಣ ಪ್ರತಿನಿತ್ಯ ತುಂಬಬೇಕಾದುದು ಶೋಧಿಸಿದ ಸಿಹಿನೀರು. ಆಗಾಗ ಬದಲಿಸಬೇಕಾದುದು ಉಪ್ಪುನೀರು, ಕಿಲೋಗ್ರಾಂ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುವಂತೆ. ಎರಡಕ್ಕೂ ಬೇರೆ ಬೇರೆ ಪೀಪಾಯಿಗಳಿಗೆ ಕೋಣೆಯಲ್ಲಿ ಎಡೆಯಿರಲಿ. ಹೋದ ಆವಿ ಎಲ್ಲಿ ಕೂಡುವುದು? ಗೋಡೆಯಲ್ಲಿ. ಬೂಷ್ಟು ಹಿಡಿಯುವುದು, ಕಬ್ಬಿಣ ತುಕ್ಕು ತಿನ್ನುವುದು. ಹೊರಕ್ಕೆ ಗಾಳಿ ನೂಕುವ ಫ್ಯಾನೂ ಒಳಕ್ಕೆ ಹೊಸ ಗಾಳಿ ಬರುವ ದಾರಿಯೂ ಅವಶ್ಯ. ಚಳಿಗಾಲದಲ್ಲಿ ಕಿಟಕಿಗಳನ್ನು ಬಿಗಿದ ಮನೆಯಲ್ಲಿ ಜನರ ಉಸಿರಿನ ಇಂಗಾಲಾಮ್ಲವು ಹೆಚ್ಚಿ ತೊಟ್ಟಿಯ ನೀರಿನ ಕ್ಷಾರಗುಣವನ್ನು ತಗ್ಗಿಸುವುದು. ಸುಣ್ಣದಿಂದ ಅಸ್ಥಿ ಕಟ್ಟಿಕೊಳ್ಳುವ ಹವಳಕ್ಕೆ ಅದು ಹಿತವಲ್ಲ. ವಿದ್ಯುತ್ತಿನ ತಂತಿಗಳು ಪ್ಲಗ್ಗಿಗಿಂತ ಕೆಳಗೆ ಇಳಿದು ಮತ್ತೆ ಮೇಲೇರಿದರೆ ಹನಿ ಅಲ್ಲೇ ತೊಟ್ಟಿಕ್ಕುವುದು. ವಿದ್ಯುತ್ತು ಸೋರಿದೊಡನೆ ಕಡಿದುಹಾಕುವ ಸ್ವಿಚ್ಚನ್ನು ಕೂಡಿಸದೆ ಯಾರೂ ಇಂಥ ಕೋಣೆಯಲ್ಲಿ ಕೈ ಒದ್ದೆಮಾಡಬಾರದು.

ಮಕ್ಕಳಿರುವ ಮನೆಯವರು ಮುಂದಿನ ಮಾತನ್ನು ಗಮನವಿಟ್ಟು ಓದಬೇಕು. ತೊಟ್ಟಿಗಳಲ್ಲಿ ಬೆಳೆಸುವ ಗುಂಡಿಯಾಕಾರದ ಮೃದುಜೀವಿಗಳಲ್ಲಿ, ಜೋಆಂಥಿಡ್ ಎಂಬ ವರ್ಗದ ಕೆಲವಕ್ಕೆ, ಪಾಲಿಟಾಕ್ಸಿನ್ ಎಂಬ ಘೋರವಿಷವುಂಟು. ಅವು ಅಂಟಿದ ಕಲ್ಲನ್ನು ಶುದ್ಧಿಮಾಡಲೆಂದು ಬಿಸಿನೀರಿನಲ್ಲಿ ಕುದಿಸಿ, ಆ ಆವಿಯನ್ನು ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ನಡೆದಿವೆ. ಕಲ್ಲನ್ನು ಕುದಿಸಲೇಬಾರದು, ಮುಟ್ಟುವಾಗ ಕೈಗವಸು, ಕಣ್ಣಿಗೆ ಕನ್ನಡಕ ಬೇಕು. ಅಡುಗೆಮನೆಯ ತೊಟ್ಟಿಯಲ್ಲಿ ಈ ಸಾಮಾನುಗಳನ್ನು ತೊಳೆಯಬಾರದು. ಕೋಣೆಗೆ ಅದರದೇ ಬಚ್ಚಲೂ ಬೀಗವೂ ಇರಲೇಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಎಲ್ಲ ಸಿದ್ಧವಾದ ಮೇಲೂ ಕೆಲವು ವಾರ ತಾಳ್ಮೆ ಬೇಕು. ಜೀವಿಗಳ ಕಶ್ಮಲದಿಂದ ಹುಟ್ಟುವ ಅಮೋನಿಯವನ್ನು ನೈಟ್ರೈಟಾಗಿಯೂ ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸುವ ಸೂಕ್ಷ್ಮಾಣುಗಳು ಕಲ್ಲಿನಲ್ಲಿ ನೆಲಸಬೇಕು.

ನಮ್ಮ ನಾಡಿನ ವಾಚಕರಿಗೆ ಒಂದು ಎಚ್ಚರಿಕೆ. ಮುರುಡೇಶ್ವರದ ಸಮೀಪದ ನೇತ್ರಾಣಿ ದ್ವೀಪದ ಸುತ್ತ ಹವಳವುಂಟೆಂದು ಕೇಳಿ ಯಾರೂ ಆಸೆಪಡಬಾರದು. 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಒಂದನೆಯ ಪಟ್ಟಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳೆಲ್ಲವೂ ಕಡಲಬೀಸಣಿಗೆಗಳೂ ಕಡಲಕುದುರೆಗಳೂ ಸೇರಿದುವು. ಅವನ್ನು ಕಡಲಿನಿಂದ ಕೀಳುವುದೂ ಮಾರುವುದೂ ಕೊಳ್ಳುವುದೂ ಅಪರಾಧ. ಇಲ್ಲಿ ಕೋಣೆ ಕಟ್ಟಿಸುವವರು ಹವಳವನ್ನು ಬಿಟ್ಟು ಮೀನನ್ನು ಮಾತ್ರ ಯೋಚಿಸಲಿ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ಕ್ರಮವನ್ನು ರೂಢಿಗೆ ತಂದಿದ್ದಾರೆ. ಹಾಗೆ ತೊಟ್ಟಿಯಲ್ಲಿ ಹುಟ್ಟಿದ ಮರಿಯೇ ಎಂದು ಅಂಗಡಿಯವನನ್ನು ವಿಚಾರಿಸಿ ಕೊಳ್ಳತಕ್ಕದ್ದು.